ಕೈ ತಪಾಸಣಿ ಖೋಲ್ಯಾಗಿನ ಬಳೆ ಸಪ್ಪಳ

ನನ್ನ ಕೈಯಾಗ ಈಗ ಪೆನ್ನು ನಿಲ್ಲಂಗಿಲ್ಲ. ಫೋನಿನ ಮುಂದ ಕುಂತು ಮಾತಾಡ್ತೀನಿ, ಅದು ಬರಕೊಂತ ಹೋಗ್ತದ. ನಡುವ ಕುಕ್ಕರ್ ಸೀಟಿ ಹೊಡೀತದ, ಬಾಜೂಮನ್ಯಾಕಿ ಸಕ್ರಿ ಕೇಳಲಿಕ್ಕ ಬರ್ತಾಳ, ಮಾತು ತುಂಡಾಗ್ತದ. ಆಗ್ಲಿ. ನಾ ಏನು ಪುರಾಣ ಹೇಳಾಕಿ ಅಲ್ಲ. ನನ್ನ ಮಗಳ ಬಲಗೈ ಹೆಬ್ಬಟ್ಟು ಹೆಂಗ ಹೋಯ್ತು, ಅದರಾಗ ನನ್ನ ಪಾಲು ಎಷ್ಟು, ಅಷ್ಟು ಹೇಳಬೇಕಾಗ್ಯದ. ಉಳಿದದ್ದು ಹಿಂದಮುಂದ ಆದ್ರ ನೀವ ಸಂಭಾಳಸ್ಕೋರಿ.

ನಮ್ಮದು ಯಾದಗಿರಿ ಕಡೀದು. ಅಪ್ಪ ಅವ್ವ ಇಟ್ಟಂಗಿ ಹೊರಲಿಕ್ಕ ಪುಣೆಗೆ ಬಂದಾಗ ನಾ ಅವ್ವನ ಬೆನ್ನಿನ ಜೋಳಿಗ್ಯಾಗ ಇದ್ದೆನಂತ. ಅಪ್ಪಂದು ಕೊಕ್ಕರಿ ನಡಗಿ. ಮೊಣಕಾಲು ಎತ್ತೆತ್ತಿ ಪಾದ ಧಪ್ ಧಪ್ ಅಂತ ಇಡ್ತಿದ್ದ. ಚಪ್ಲಿ ಕಾಲಾಗ ನಿಲ್ತಿರಲಿಲ್ಲ, ದಿನಕ್ಕ ನಾಕು ಸಲ ಹಿಂದ ತಿರುಗಿ ಹುಡುಕ್ತಿದ್ದ. ಅಂಗಿ ಗುಂಡಿ ಅವ್ವನೇ ಹಾಕಬೇಕು. ಅಜ್ಜೀದೂ ಹಂಗೇ ಇತ್ತಂತ. ಅದಕ್ಕ ನಾವು ರೋಗ ಅಂದವರೇ ಅಲ್ಲ, ‘ನಮ್ಮ ಮನಿತನದ ಕಾಲು’ ಅಂತಿದ್ದಿವಿ. ಲಗ್ನದ ಮಂಟಪದಾಗ ದೂರದಿಂದ ಅಪ್ಪ ಬರೋದು ನೋಡಿ ಮಂದಿ, ‘ಅಗಾ, ಕೊಕ್ಕರಿ ಬಂತು, ಎಲಿ ಹಾಕ್ರಿ’ ಅಂತ ನಗ್ತಿದ್ರು. ಅಪ್ಪನೂ ನಗ್ತಿದ್ದ. ಆ ನಗು ನೆನಸಿಕೊಂಡ್ರ ಈಗ ನನಗ ಸಿಟ್ಟು ಬರ್ತದ. ಯಾರ ಮ್ಯಾಲ ಅಂತ ಗೊತ್ತಿಲ್ಲ.

ನನ್ನ ಕಾಲು ಅಷ್ಟು ಕೆಟ್ಟಿರಲಿಲ್ಲ. ಕೈ ಕೆಟ್ಟಿತು. ನನ್ನ ಗಂಡ ಪುಣೆ ಬಾಜೂಕಿನ ಚಾಕಣದಾಗ ಗಾಡಿಗೆ ಹಾಕೋ ವೈರಿನ ಕಟ್ಟು ತಯಾರಿಸೋ ಕಾರ್ಖಾನ್ಯಾಗ ಅದಾನ. ನಾ ಮನ್ಯಾಗ ಜ್ವಾಳದ ರೊಟ್ಟಿ ಬಡದು ಕೊಡ್ತಿದ್ದೆ. ಕಟ್ಟಡದ ಕೆಲಸದ ನಮ್ಮ ಕಡಿ ಮಂದಿ ಒಯ್ತಿದ್ರು, ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕ ಬಂದ ಹುಡುಗ್ಯಾರೂ ಒಯ್ತಿದ್ರು. ರೊಟ್ಟಿ ಬಡಿಯೋದು ನೋಡದವರಿಗೆ ಚಪ್ಪಾಳಿ ಹೊಡದಂಗ ಕಾಣ್ತದ. ಖರೇ ಕೆಲಸ ಇರೋದು ಹೆಬ್ಬಟ್ಟಿಂದು. ಒಂದು ಕೈ ಬಡೀತಿರ್ತದ, ಇನ್ನೊಂದು ಕೈಯಿನ ಹೆಬ್ಬಟ್ಟು ಅಂಚಿಗೆ ಆತು ನಿಂತು ರೊಟ್ಟಿ ತಿರಗಸ್ತಿರ್ತದ, ಅಂಚು ಸೀಳಲಾರದಂಗ ಒತ್ತಿ ಹಿಡೀತಿರ್ತದ. ಮೂವತ್ತು ದಾಟಿದ ಮ್ಯಾಲ ನನ್ನ ರೊಟ್ಟಿ ಅಂಚು ಸೀಳಲಿಕ್ಕ ಹತ್ತಿತು. ಹಿಟ್ಟಿಗೆ ಜಿಗಿ ಇಲ್ಲ ಅಂದೆ. ಗಿರಣಿಯವನ ಜೋಡಿ ಕೈ ಕೈ ಮಿಲಾಯಿಸೋ ಮಟ ಜಗಳಾಡಿದೆ. ಜ್ವಾಳ ಬದಲಿಸಿದೆ, ಕುದಿಯೋ ನೀರು ಹೆಚ್ಚಿಗಿ ಹಾಕಿದೆ, ಹಂಚು ಬದಲಿಸಿದೆ. ನನ್ನ ಕೈ ಒಂದು ಬಿಟ್ಟು ಎಲ್ಲಾ ತಪಾಸ ಮಾಡಿದೆ.

ಆಮ್ಯಾಗ ಆಮ್ಯಾಗ ಯುಕ್ತಿ ಕಲತೆ. ಹೆಬ್ಬಟ್ಟಿನ ಕೆಲಸ ಅಂಗೈ ಬದೀಲಿಂದ ಮಾಡೋದು. ಬಾಟ್ಲಿ ಮುಚ್ಚಳ ಹಲ್ಲಿಲಿಂದ ತಗಿಯೋದು. ಕೀಲಿ ತಿರಗಸಲಿಕ್ಕ ಎರಡೂ ಕೈ. ನೆಲಕ್ಕ ಬಿದ್ದ ನಾಣ್ಯ ಎತ್ತಲಾರದೆ ಗೋಡಿ ತನಕ ಜಾರಿಸಿಕೊಂಡು ಹೋಗಿ ಎತ್ತೋದು. ಯಾರಿಗೂ ಗೊತ್ತಾಗ್ತಿರಲಿಲ್ಲ. ನಾ ಭಾಳ ಶ್ಯಾಣ್ಯಾಕಿ ಅಂತ ನನಗ ನನ್ನ ಮ್ಯಾಲ ಅಭಿಮಾನ.

ಮಗಳು ಒಬ್ಬಾಕೇ. ಆಕಿಗೆ ಹತ್ತೋ ಹನ್ನೊಂದೋ ಇದ್ದಾಗ ನಾಗರಪಂಚಮಿ ಮುಂದ ಬಳೆಗಾರ್ತಿ ಬಂದಿದ್ಳು. ನನ್ನ ಮಗಳ ಕೈ ಹಿಡದು ಒತ್ತಿ, ‘ಅಯ್ಯ ನನ್ನವ್ವಾ, ಎಷ್ಟು ಮೆತ್ತನ ಕೈ! ಸಾಬೂನೇ ಬ್ಯಾಡ, ನೋಡು, ತನ್ನಷ್ಟಕ್ಕ ತಾನ ಏರ್ತಾವ. ರಾಣಿ ಕೈ ಇದು’ ಅಂದ್ಳು. ನಾ ಹಿಗ್ಗಿ ಹೀರೀಕಾಯಿ ಆದೆ. ಹೆಬ್ಬಟ್ಟಿನ ಬುಡಕ ಇರಬೇಕಾದ ದುಂಡನ ಮಾಂಸ ಕರಗಿ ಕೈ ಸಪಾಟಾಗಿತ್ತು, ಅದಕ್ಕೇ ಬಳೆ ಏರಿದ್ದು. ಬಳೆಗಾರ್ತಿಗೆ ಗೊತ್ತಿರಲಿಲ್ಲ. ನನಗ ಗೊತ್ತಿರಬೇಕಾಗಿತ್ತು. ನನ್ನ ಕೈಗೂ ಹಂಗೇ ಏರ್ತಿದ್ದವು.

ಮಗಳಿಗೆ ಮೆಹಂದಿ ಹುಚ್ಚು. ಸಾಲಿ ಪುಸ್ತಕದ ಹಿಂದಿನ ಹಾಳಿಯಾಗ ಬರೇ ಬಳ್ಳಿ, ನವಿಲು, ಮಾವಿನಕಾಯಿ. ಹದಿನೈದಕ್ಕೆಲ್ಲಾ ನಮ್ಮ ಓಣಿ ಮದುಮಕ್ಕಳೆಲ್ಲಾ ಆಕಿ ಮುಂದ ಕೈ ಚಾಚಿ ಕುಂಡ್ರತಿದ್ರು. ಮೆಹಂದಿ ಕೋನು ಹೆಬ್ಬಟ್ಟು ಮತ್ತ ತೋರು ಬೆರಳಿನ ನಡುವ ಹಿಡದು ಒಂದೇ ಸಮ ಒತ್ತಿದ್ರ ಗೆರಿ ಕೂದಲೆಳಿಯಂಗ ಬರ್ತದ. ‘ಮಮ್ಮಿ, ನಾ ದೊಡ್ಡಾಕ್ಯಾಗಿ ಬರೇ ಮದುಮಕ್ಕಳ ಕೈ ಬರೀತೀನಿ. ಊರಿಂದ ಊರಿಗೆ ಕರೀತಾರ ನನ್ನ’ ಅಂತಿದ್ಳು. ಈ ಮಾತು ನೆನಪಿಟ್ಟುಕೋರಿ. ನನಗಂತೂ ಮರಿಯಂಗಿಲ್ಲ.

ಆಕಿಗೆ ಹದಿನೇಳಿದ್ದಾಗ ಕಾಲೇಜಿನಾಗ ಎರಡು ಸಲ ಮೆಟ್ಟಲ ಮ್ಯಾಲ ಬಿದ್ಳು. ಅಲ್ಲಿ ಕಲಿಸೋ ಬಾಯಾರು ನನ್ನ ಕರಸಿ, ‘ಹುಡಿಗಿ ಪಾದ ಎತ್ತಿ ಇಡವಲ್ಲಳು, ದೊಡ್ಡ ದವಾಖಾನಿಗೆ ತೋರಸ್ರಿ’ ಅಂದ್ರು. ತೋರಿಸಿದಿವಿ. ಅಲ್ಲಿ ಕೈಗೆ ಕಾಲಿಗೆ ವೈರು ಹಚ್ಚಿ ಕರೆಂಟ್ ಕೊಡ್ತಾರ. ಪುಟ್ ಪುಟ್ ಅಂತ ಬೆರಳು ತಾವ ಹಾರ್ತಾವ, ಪರದಾ ಮ್ಯಾಲ ಗೆರಿ ಏಳ್ತದ. ಮಗಳ ಗೆರಿ ತಡಾ ಮಾಡಿ ಏಳ್ತಿತ್ತು, ಎದ್ದದ್ದೂ ಗಿಡ್ಡಕಿತ್ತು. ಮರಾಠಿ ಡಾಕ್ಟರು ನಮ್ಮನ್ನ ಎದುರಿಗೆ ಕುಂಡ್ರಿಸಿಕೊಂಡು, ನರದ ಮ್ಯಾಲಿನ ಪದರ ಸರಿ ಇಲ್ಲ, ಇದು ವಂಶದಿಂದ ಬರೋದು, ಯಾರ ಕಡೀಂದ ಅಂತ ಕೇಳಿದ್ರು. ನನ್ನ ಗಂಡಗ ತಟ್ಟನೆ ತಿಳೀತು. ಇಡೀ ದಿನ ವೈರು ಜೋಡಸಾಂವ. ‘ಮ್ಯಾಲಿನ ರಬ್ಬರ್ ಹೋದ್ರ ಒಳಗಿನ ತಂತಿ ಇದ್ದೂ ಉಪಯೋಗಿಲ್ಲ, ಹಂಗೇನ್ರಿ ಸಾಹೇಬ್ರ?’ ಅಂದ. ಹಂಗೇ ಅಂದ್ರು. ನನ್ನ ಗಂಡ ನನ್ನ ಕೈ ಕಡಿ ನೋಡಿದ. ಮದಿವ್ಯಾಗಿ ಅಷ್ಟು ವರ್ಷಕ್ಕ ಮೊದಲನೇ ಸಲ ಸರಿಯಾಗಿ ನೋಡಿದ.

ಔಷಧ ಇಲ್ಲ ಅಂದ್ರು. ಆರು ತಿಂಗಳಿಗೊಮ್ಮೆ ಬಂದು ಕೈ ಶಕ್ತಿ ಅಳತಿ ಮಾಡಿಸಿಕೊಂಡು ಹೋಗ್ರಿ, ಶಕ್ತಿ ಇಳೀಲಿಕ್ಕ ಹತ್ತಿದ್ರ ಮುಂದಿಂದು ನೋಡೋಣ ಅಂತ ಹೇಳಿ ಬಾಜೂ ಖೋಲಿಗೆ ಕಳಿಸಿದ್ರು.

ಆ ಖೋಲ್ಯಾಗ ಇದ್ದಾಕಿ ಒಬ್ಬ ಸಣ್ಣ ವಯಸ್ಸಿನ ಮೇಡಂ, ಮೈಸೂರು ಕಡೀದಾಕಿ. ‘ಕನ್ನಡದವರಾ ನೀವು? ಬನ್ನಿ ಅಮ್ಮ, ಕೂತ್ಕೊಳ್ಳಿ’ ಅಂದಾಗ ನನಗ ತವರುಮನಿಗೆ ಹೋದಷ್ಟು ಖುಷಿ. ನಮ್ಮ ಕಡೆ ಸಾಲಿ ಕಲಿಸಾಕಿಗೆ ಅಕ್ಕೋರು ಅಂತೀವಿ. ಪರೀಕ್ಷಾ ತಗೊಳ್ಳಾಕಿ ಅಂದಮ್ಯಾಲ ಆಕಿಗೂ ನಾ ಅಕ್ಕೋರ ಅಂದೆ. ಆಕಿಗೆ ನಗು ಬಂತು. ನೋಡ್ರಿ, ತಪ್ಪು ಅಲ್ಲಿಂದಲೇ ಸುರು. ನಾ ಅದನ್ನ ಪರೀಕ್ಷಾ ಅಂತ ತಿಳಕೊಂಡೆ. ಪರೀಕ್ಷಾ ಅಂದ್ರ ಪಾಸ್ ಆಗಬೇಕು. ನಮ್ಮಂಥವರಿಗೆ ಪರೀಕ್ಷಾಕ್ಕ ಮತ್ತೇನು ಅರ್ಥ ಅದ?

ಮೊದಲ ದಿನ ಎಲ್ಲಾ ನೋಡಿಕೊಂಡೆ. ಹಿಡಿಕಿ ಥರದ ಒಂದು ಕಬ್ಬಿಣದ ಸಾಮಾನು, ಹಿಚಗಿದ್ರ ಮುಳ್ಳು ಏರ್ತದ. ಎರಡು ಬೆರಳಿನಾಗ ಚಿವುಟೋ ಇನ್ನೊಂದು ಸಣ್ಣ ಸಾಮಾನು. ಅಂಗೈ ಮ್ಯಾಲ ಮಾಡಿ ಮೇಜಿನ ಮ್ಯಾಲಿಟ್ಟು ಹೆಬ್ಬಟ್ಟು ಆಕಾಶದ ಕಡೆ ಎತ್ತಬೇಕು, ಅಕ್ಕೋರು ತಮ್ಮ ಬೆರಳಿಲಿಂದ ಕೆಳಗ ಒತ್ತತಾರ, ಬಗ್ಗಬಾರದು. ಬಿಲ್ಲಿ, ಗುಂಡಿ, ಟಾಚಣಿ ಅಂದ್ರ ಗುಂಡುಸೂಜಿ, ಎಲ್ಲಾ ಮೇಜಿನ ಮ್ಯಾಲ ಹರವಿ ಒಂದೊಂದ ಎತ್ತಿ ಡಬ್ಬ್ಯಾಗ ಹಾಕಬೇಕು, ಗಡಿಯಾರ ಓಡ್ತಿರ್ತದ. ಕಡೀಕ ಕಣ್ಣಿಗೆ ಬಟ್ಟಿ ಕಟ್ಟತಾರ. ಮೀನಿನ ಗಾಳದ ದಾರದಂಥ ನೈಲಾನ್ ಎಳಿ ಬೆರಳಿಗೆ ಮುಟ್ಟಸ್ತಾರ, ಗೊತ್ತಾದಾಗ ‘ಹೂಂ’ ಅನ್ನಬೇಕು. ಮೊದಲ ಸಲ ಮಗಳು ಅಲ್ಲೊಂದು ಇಲ್ಲೊಂದು ಹೂಂ ಅಂದ್ಳು. ನಡುವ ಎಷ್ಟೋ ಸಲ ಎಳಿ ಮುಟ್ಟಿ ಬಗ್ಗಿ ಹೋದ್ರೂ ಸುಮ್ಮನ ಕುಂತಿದ್ಳು. ಎದುರಿಗೆ ಕುಂತ ನನಗ ಜೀವಾ ತಡೀಲಿಲ್ಲ. ಮುಟ್ಟಿದಾರ ಹುಚ್ಚಿ, ಹೂಂ ಅನ್ನು ಅಂತ ಒಳಗ ಒದ್ದಾಡಿದೆ.

ಮನಿಗೆ ಬಂದ್ರ ನಾದಿನಿ ಬಂದು ಕುಂತಿದ್ಳು. ಗಂಡನ ಅಕ್ಕ, ರಾಂಜಣಗಾಂವದಾಗ ಇರ್ತಾಳ. ಆಕಿ ಮಗನಿಗೆ ನನ್ನ ಮಗಳು ಅಂತ ತೊಟ್ಟಲದಾಗ ಇದ್ದಾಗಿಂದ ಮಾತಾಗಿತ್ತು. ಇಪ್ಪತ್ತು ತುಂಬಿ ಓದು ಮುಗದ ಮ್ಯಾಲ ಲಗ್ನ. ಹುಡುಗ ಒಳ್ಳೆಯಂವ, ನನ್ನ ಮಗಳೂ ಆಂವ ಬಂದಾಗ ಕನ್ನಡಿ ಮುಂದ ಎರಡು ನಿಮಿಷ ಹೆಚ್ಚಿಗಿ ನಿಲ್ತಿದ್ಳು. ನಾದಿನಿ ಕೇಳಿದ್ದು ಒಂದೇ ಮಾತು: ‘ಏನ ತಂಗಿ, ತಪಾಸಣಿ ಪಾಸೋ ನಪಾಸೋ? ನಿಮ್ಮಪ್ಪನ ಕಾಲಿಂದು ಅಲ್ಲಲ್ಲ?’

‘ಅಯ್ಯ, ಬಿಡಕ್ಕಾ. ರಕ್ತ ಕಮ್ಮಿ ಅಂತ. ಇನ್ನೊಮ್ಮೆ ಕರದಾರ’ ಅಂದೆ.

ನಾದಿನಿ ಕಡಿಮಿ ಏನಲ್ಲ. ‘ಒಂದು ರೊಟ್ಟಿ ಬಡದು ತೋರಸವಾ’ ಅಂತ ಮಗಳನ್ನ ಎಬ್ಬಿಸಿದ್ಳು. ನಮ್ಮ ಕಡೆ ಹೆಣ್ಣು ನೋಡಲಿಕ್ಕ ಬಂದವರು ಇದನ್ನ ಕೇಳೋದು ರೂಢಿ, ಮಾರಿ ಆಮ್ಯಾಗ ನೋಡ್ತಾರ, ಮೊದಲ ರೊಟ್ಟಿ ಸಪ್ಪಳ ಕೇಳ್ತಾರ. ಮಗಳು ನನ್ನ ನೋಡಿ ನೋಡಿ ಕಲತಾಕಿ. ಅಂಗೈ ಬದೀಲಿಂದ ಅಂಚು ಹಿಡದು, ಬುಡದಲಿಂದ ಬಡದು, ದುಂಡಗ ಒಂದು ರೊಟ್ಟಿ ಹಂಚಿಗೆ ಹಾಕಿದ್ಳು. ನಾದಿನಿ ಎರಡು ಕಡೆ ತಿರುವಿ ನೋಡಿ, ‘ತೆಳ್ಳಗ ಆಗ್ಯದ’ ಅಂದ್ಳು. ಅವತ್ತೇ ನನ್ನ ತಲ್ಯಾಗ ಹೊಳೀತು. ರೊಟ್ಟಿ ಪರೀಕ್ಷಾ ಯುಕ್ತೀಲಿಂದ ಪಾಸಾದ್ರ ದವಾಖಾನೀದು ಯಾಕ ಆಗಬಾರದು? ನಪಾಸಾದ್ರ ಅಂಗವಿಕಲ ಅಂತ ಕಾಗದ ಬರೀತಾರ. ಆ ಕಾಗದ ರಾಂಜಣಗಾಂವ ಮುಟ್ಟಲಿಕ್ಕ ಎಷ್ಟು ಹೊತ್ತು?

ಆರು ತಿಂಗಳು ನಾ ಮಗಳಿಗೆ ತಾಲೀಮು ಕೊಟ್ಟೆ. ಹೆಂಗ ಕೊಟ್ಟೆ ಅಂತನೂ ಹೇಳತೀನಿ. ಹಿಡಿಕಿ ಹಿಚಗೋವಾಗ ಮಣಿಕಟ್ಟು ಹಿಂದಕ್ಕ ಬಗ್ಗಸು, ಮೊಣಕೈ ಪಕ್ಕೆಲುಬಿಗೆ ಒತ್ತು, ಮೈಭಾರ ಹಾಕು. ಚಿವುಟೋ ಸಾಮಾನು ಕೊಟ್ಟಾಗ ತೋರು ಬೆರಳಿನ ಹಿಂದ ಉಳಿದ ಬೆರಳೆಲ್ಲಾ ಆನಸು. ಹೆಬ್ಬಟ್ಟು ಎತ್ತು ಅಂದಾಗ ಅವರ ಕಣ್ಣಿಗೆ ಬೀಳಲಾರದಂಗ ಮಣಿಕಟ್ಟು ಒಂಚೂರು ಹೊಳ್ಳಸು, ಎತ್ತಿದಂಗೇ ಕಾಣ್ತದ. ಬಟ್ಟಿ ಒಣಹಾಕೋ ಚಿಮಟಿಗಿ ದಿನಾ ನೂರು ಸಲ ಒತ್ತಸಿದೆ. ಟಾಚಣಿ ಎತ್ತಲಿಕ್ಕ ಉಗುರು ಬೆಳಸಂದೆ, ಹುಡಿಗಿಗೆ ಶೋಕಿ ಅಂತ ಅವರು ತಿಳೀತಾರ, ಮ್ಯಾಲ ಬಣ್ಣ ಹಚ್ಚು ಅಂದೆ. ಪರೀಕ್ಷಾದ ಮುಂದಿನ ವಾರ ಆಕಿಗೆ ಒಂದು ವಾಟಗಾ ಸೈತ ಎತ್ತಲಿಕ್ಕ ಬಿಡಲಿಲ್ಲ. ಬಿಸಿ ಎಣ್ಣಿ ಹಚ್ಚಿ ತಿಕ್ಕಿದೆ.

‘ಮಮ್ಮಿ, ಕಣ್ಣು ಕಟ್ಟಿದಾಗ ಏನು ಮಾಡ್ಲಿ? ನನಗ ಖರೇನೇ ಗೊತ್ತಾಗಂಗಿಲ್ಲ’ ಅಂದ್ಳು.

ನಾ ಎರಡು ದಿನ ವಿಚಾರ ಮಾಡಿ ನನ್ನ ಹಸಿರು ಬಳೆ ತೋರಿಸಿದೆ. ‘ನಾ ಎದುರಿಗೆ ಇರ್ತೀನಲ್ಲ. ಅವರು ಎಳಿ ಮುಟ್ಟಸಿದಾಗ ಸೆರಗು ಸರಿ ಮಾಡ್ಕೊಂಡಂಗ ಕೈ ಅಲುಗಸ್ತೀನಿ. ಸಪ್ಪಳಾದ್ರ ಹೂಂ ಅನ್ನು’ ಅಂದೆ.

ಇಬ್ಬರೂ ಬಿದ್ದು ಬಿದ್ದು ನಕ್ಕಿವಿ.

ಹೋದಿವಿ. ಎಲ್ಲಾ ಹೇಳಿದಂಗೇ ಆತು. ಅವತ್ತು ಹೊರಗ ಮಂದಿ ಜಾತ್ರಿ, ಅಕ್ಕೋರು ಒಬ್ಬರೇ, ಬೆಳಗಿನಿಂದ ಚಹಾ ಸೈತ ಕುಡದಿರಲಿಲ್ಲ. ಮುಳ್ಳು ಏರಿದ್ದು ಬರಕೊಂಡ್ರು, ಗಡಿಯಾರ ನೋಡಿ ಬರಕೊಂಡ್ರು. ಕಣ್ಣಿಗೆ ಬಟ್ಟಿ ಕಟ್ಟಿದ್ರು. ಎಳಿ ಮುಟ್ಟಿತು, ನಾ ಸೆರಗು ಎಳಕೊಂಡೆ, ಛಿಲ್. ‘ಹೂಂ.’ ಮತ್ತ ಮುಟ್ಟಿತು, ನಾ ಗಲ್ಲ ತುರಿಸಿಕೊಂಡೆ, ಛಿಲ್. ‘ಹೂಂ.’ ನಡುವ ಒಂದೆರಡು ನಾನೇ ಬಿಟ್ಟೆ, ಎಲ್ಲಾ ಸರಿ ಬಂದ್ರ ಸಂಶಯ ಬಂದೀತಂತ. ಏನು ಬುದ್ಧಿ ನೋಡ್ರಿ ನಂದು! ಅಕ್ಕೋರ ಮಾರಿ ಅರಳಿತು. ‘ವೆರಿ ಗುಡ್ ಪುಟ್ಟಾ! ಹೋದ ಸಲಕ್ಕಿಂತ ಚೆನ್ನಾಗಿದೆ. ಎಲ್ಲಾ ಸ್ಟೇಬಲ್ ಇದೆ ಅಮ್ಮ, ಸದ್ಯಕ್ಕೆ ಡಾಕ್ಟರ್ ಹತ್ರ ಹೋಗೋದೇ ಬೇಡ, ಆರು ತಿಂಗಳು ಬಿಟ್ಟು ಬನ್ನಿ’ ಅಂದ್ರು.

ಸ್ವಾರಗೇಟದಾಗ ಬಸ್ಸಿಗೆ ಕಾಯ್ತಾ ಕಬ್ಬಿನ ಹಾಲು ಕುಡದಿವಿ. ಮಗಳು ಗ್ಲಾಸು ಎರಡೂ ಕೈಲಿಂದ ಹಿಡದಿದ್ಳು. ನಾ ಇನ್ನೊಂದು ಕುಡಿ ಅಂದೆ. ರಸ್ತೇದ ಮ್ಯಾಲ ನಿಂತು ಅವ್ವ ಮಗಳು ನಕ್ಕಿದ್ದು ನಕ್ಕಿದ್ದೇ, ಕಬ್ಬಿನ ಹಾಲಿನಂವ ನಮ್ಮ ಮಾರಿ ನೋಡಿ ತಾನೂ ನಕ್ಕ. ನನ್ನ ಜಲ್ಮದಾಗ ಅಷ್ಟು ಹಗುರಾದ ದಿನ ಇನ್ನೊಂದಿಲ್ಲ. ಆ ದಿನದ ಮ್ಯಾಲ ನನಗ ಈಗ ಎಷ್ಟು ಹೇವರಿಕಿ ಅದ ಅಂದ್ರ, ಸ್ವಾರಗೇಟ ಮ್ಯಾಲ ಹಾಯೋ ಬಸ್ಸೇ ಹತ್ತಂಗಿಲ್ಲ ನಾ.

ಹಂಗ ಮೂರು ಸಲ ಪಾಸ್ ಮಾಡಿಸಿದೆ. ಮೂರನೇ ಸಲಕ್ಕ ಮಗಳು ಮೆಹಂದಿ ಕೋನು ಮುಷ್ಟ್ಯಾಗ ಹಿಡೀಲಿಕ್ಕ ಹತ್ತಿದ್ಳು. ಗೆರಿ ದಪ್ಪ ಬರ್ತಿದ್ದವು. ‘ಈಗ ಇದೇ ಫ್ಯಾಶನ್’ ಅಂತ ಮದುಮಕ್ಕಳಿಗೆ ಹೇಳ್ತಿದ್ಳು. ನಾ ಒಳಗ ನಿಂತು ಕೇಳಿಸಿಕೊಳ್ತಿದ್ದೆ. ಹಿಟ್ಟಿಗೆ ಜಿಗಿ ಇಲ್ಲ ಅಂದಿದ್ದು ನಾನೇ ಅಲ್ಲೇನು? ಆದ್ರೂ ಬಾಯಿ ಮುಚ್ಚಿಕೊಂಡಿದ್ದೆ. ಲಗ್ನ ಒಂದು ದಾಟಲಿ, ಆಮ್ಯಾಗ ಬೇಕಾದ್ದು ಮಾಡೋಣ ಅಂತ.

ಒಂದಿನ ಮುಂಜಾನಿ ನನಗ ಮೈ ಸರಿ ಇರಲಿಲ್ಲ, ಮಗಳೇ ರೊಟ್ಟಿ ಮಾಡ್ತಿದ್ಳು. ನಾ ಬಾಜೂಕ ಗ್ವಾಡಿಗೆ ಆತು ಕುಂತು ಮಾತಾಡ್ತಿದ್ದೆ. ಆಕಿ ನನ್ನ ಕಡಿ ತಿರುಗಿ ಏನೋ ಕಾಲೇಜಿನ ಸುದ್ದಿ ಹೇಳ್ತಿದ್ಳು. ವಾಸನಿ ಬಂತು. ರೊಟ್ಟಿ ಸುಟ್ಟ ವಾಸನಿ ಅಲ್ಲ. ನೋಡ್ತೀನಿ, ಬಲಗೈ ಮೂರು ಬೆರಳು ಕಾದ ಹಂಚಿನ ಮ್ಯಾಲ ಅದಾವ. ಆಕಿ ಇನ್ನೂ ನಗ್ತಾ ಮಾತಾಡ್ಲಿಕ್ಕ ಹತ್ಯಾಳ. ನಾ ಒದರಿದ ಮ್ಯಾಲ ಕೆಳಗ ನೋಡಿದ್ಳು. ‘ಅಯ್ಯ’ ಅಂತ ಕೈ ತಗದ್ಳು. ಒದರಲಿಲ್ಲ, ಅಳಲಿಲ್ಲ. ತನ್ನ ಬೆರಳು ಮತ್ತೊಬ್ಬರದ್ದು ಅನ್ನೋ ಹಂಗ ನೋಡ್ತಾ ಕುಂತ್ಳು.

ದವಾಖಾನ್ಯಾಗ ಸುಟ್ಟದ್ದು ಕಟ್ಟಿದವರು ನಮ್ಮ ಹಳೇ ಕಾಗದ ನೋಡಿ, ಸ್ಪರ್ಶ ಸರಿ ಅದ ಅಂತ ಬರದಾರಲ್ಲ, ಹೆಂಗ ಸುಟ್ಟಿತು ಅಂದ್ರು. ಗಾಯ ಮಾಯ್ದ ಮ್ಯಾಲ ಆ ಖೋಲಿಗೆ ಮತ್ತ ಕಳಿಸಿದ್ರು. ಈ ಸಲ ಅಕ್ಕೋರ ಜೋಡಿ ಅವರ ದೊಡ್ಡ ಮೇಡಂ ಇದ್ರು. ನನ್ನನ್ನ ಹೊರಗ ಕುಂಡ್ರ ಅಂದ್ರು. ನಾ ಬಾಗಲಾ ಸಂದಿನಾಗ ಕಿವಿ ಇಟ್ಟೆ. ಎಷ್ಟು ಹೊತ್ತಾದ್ರೂ ಒಂದು ‘ಹೂಂ’ ಸೈತ ಕೇಳಲಿಲ್ಲ. ಕುಂತಲ್ಲೇ ನನ್ನ ಬಳೆ ಕೈ ತಾನ ಅಲುಗಿತು.

ಆಮ್ಯಾಗ ಕೈ ಶಸ್ತ್ರಕ್ರಿಯಾ ಮಾಡೋ ಡಾಕ್ಟರು ಕರದ್ರು. ಅಕ್ಕೋರು ನಡುವ ನಿಂತು ಕನ್ನಡದಾಗ ಹೇಳಿದ್ರು. ಹೆಬ್ಬಟ್ಟು ಸೋಲಲಿಕ್ಕ ಹತ್ತಿದಾಗ, ಇನ್ನೂ ಗಟ್ಟಿ ಇರೋ ಉಂಗುರ ಬೆರಳನ್ನ ಬಗ್ಗಿಸೋ ಹಗ್ಗದಂಥ ನುಲಿ ತಂದು ಹೆಬ್ಬಟ್ಟಿಗೆ ಕಟ್ಟತಾರಂತ. ಹೆಬ್ಬಟ್ಟು ಮತ್ತ ಎದ್ದು ನಿಂತು ಉಳಿದ ಬೆರಳಿಗೆ ಮುಟ್ಟತದಂತ. ಪೆನ್ನು ಹಿಡೀಬಹುದು, ಕೋನು ಹಿಡೀಬಹುದು. ಆದ್ರ ಕೊಡೋ ಬೆರಳು ಗಟ್ಟಿ ಇರೋವಾಗಲೇ ಮಾಡಬೇಕು. ಆ ವ್ಯಾಳ್ಯಾ ಹಿಡೀಲಿಕ್ಕಂತಲೇ ಆರಾರು ತಿಂಗಳಿಗೆ ಅಳತಿ ಮಾಡೋದು. ‘ಈಗ ಉಂಗುರ ಬೆರಳಿಗೂ ಶಕ್ತಿ ಇಲ್ಲ ಅಮ್ಮ. ಒಂದೂವರೆ ವರ್ಷದ ಹಿಂದೆ ಗೊತ್ತಾಗಿದ್ರೆ ಪ್ರಯತ್ನ ಮಾಡಬಹುದಿತ್ತು’ ಅಂದ್ರು. ಆಗೇ ಆಗ್ತಿತ್ತು ಅಂತ ಖಾತ್ರಿ ಹೇಳಲಿಕ್ಕ ಬರಂಗಿಲ್ಲ ಅಂತನೂ ಅಂದ್ರು. ಆ ಮಾತು ನನಗ ಸಮಾಧಾನ ಆಗ್ಲಿ ಅಂತ ಹೇಳಿದ್ದು. ನನಗ ಅದ ಮಾತು ಹೆಚ್ಚು ಸುಡ್ತದ.

ಅಂದ್ರ ನಪಾಸಾಗಬೇಕಿತ್ತು. ಅಲ್ಲಿ ನಪಾಸಾದವರಿಗೇ ಏನರ ಸಿಗ್ತಿತ್ತು. ಇಂಥ ಪರೀಕ್ಷಾನೂ ಇರ್ತದ ಅಂತ ನನಗ ಯಾರು ಹೇಳಬೇಕಿತ್ತು? ಹೇಳಿದ್ದಿವಿ ಅಂತಾರ ಡಾಕ್ಟರು. ‘ಇಳೀಲಿಕ್ಕ ಹತ್ತಿದ್ರ ಮುಂದಿಂದು ನೋಡೋಣ’ ಅಂದಿದ್ರಲ್ಲ, ಅದೇ ಹೇಳಿದ್ದು. ನಾ ಕೇಳಿಸಿಕೊಂಡಿದ್ದೆ. ಬೆದರಿಕಿ ಅಂತ ಕೇಳಿಸಿಕೊಂಡಿದ್ದೆ.

ದೊಡ್ಡ ಮೇಡಂ ನನ್ನ ಎದುರಿಗೇ ಅಕ್ಕೋರಿಗೆ ಬೈದ್ರು. ಮೂರು ಸಲ ಹೆಂಗ ತಪ್ಪು ಬರದಿ, ಹುಡಿಗಿ ಕೈ ನಿನ್ನ ಕಣ್ಣಿಗೆ ಕಾಣಲಿಲ್ಲೇನು ಅಂತ. ಅಕ್ಕೋರು ತಲಿ ಕೆಳಗ ಹಾಕಿ ನಿಂತಿದ್ರು, ಕಿವಿ ಕೆಂಪಾಗಿದ್ದವು. ನಾ ಹೇಳಬೇಕಿತ್ತು. ಹೇಳಿದಾಕಿ ನನ್ನ ಮಗಳು. ‘ಅವರದೇನೂ ತಪ್ಪಿಲ್ರಿ. ಮಮ್ಮಿ ಬಳೆ ಬಾರಸ್ತಿದ್ಳು’ ಅಂದ್ಳು. ಹೆಂಗ ಅಂದ್ಳಂದ್ರ, ಇವತ್ತು ನಲ್ಲಿ ನೀರು ಬಂದಿಲ್ಲ ಅಂದಂಗ. ಅಕ್ಕೋರು ನನ್ನ ಮುಂಗೈ ನೋಡಿದ್ರು. ಬೈದಿದ್ರ ಚಲೋ ಇತ್ತು.

ನಾದಿನಿಗೆ ಸುದ್ದಿ ಮುಟ್ಟಿತು. ‘ನಿಮ್ಮ ಮನೀದು ನಮ್ಮ ಮನಿಗೆ ಬ್ಯಾಡ ತಂಗಿ’ ಅಂತ ಫೋನಿನಾಗ ಒಂದೇ ಮಾತು ಅಂದು ಇಟ್ಟಳು. ಹುಡುಗನ ಲಗ್ನ ಬ್ಯಾರೆ ಕಡೆ ಆತು. ಆ ಲಗ್ನಕ್ಕ ಮೆಹಂದಿ ಬರದಾಕಿ ಯಾರೋ ಚಂದ ಬರದಿದ್ಳಂತ, ನನ್ನ ಗಂಡ ಹೋಗಿ ಬಂದು ಹೇಳಿ, ನಾಲಿಗಿ ಕಡಕೊಂಡ.

ಮಗಳು ನನ್ನ ಮ್ಯಾಲ ಒಮ್ಮೆನೂ ಕೂಗಾಡಲಿಲ್ಲ. ನಾನೇ ಕಾಲಿಗೆ ಬೀಳೋ ಹಂಗ ಕೇಳಿದೆ, ‘ನಿನಗ ಗೊತ್ತಾಗ್ತಿತ್ತಲ್ಲವಾ ಕೈ ಹೋಗ್ಲಿಕ್ಕ ಹತ್ಯದ ಅಂತ. ಯಾಕ ಹೇಳಲಿಲ್ಲ?’

‘ನೀ ಅವತ್ತು ಕಬ್ಬಿನ ಹಾಲು ಕುಡೀವಾಗ ಭಾಳ ಖುಷಿ ಇದ್ದಿ ಮಮ್ಮಿ’ ಅಂದ್ಳು. ಅಷ್ಟೇ ಅಂದು ಒಳಗ ಹೋದ್ಳು. ಕೋನುಗಳನ್ನೆಲ್ಲಾ ಬಾಜೂಮನಿ ಹುಡಿಗಿಗೆ ಕೊಟ್ಟುಬಿಟ್ಟಿದ್ಳು. ಈಗ ಒಂದು ಔಷಧ ಅಂಗಡ್ಯಾಗ ಫೋನ್ ಎತ್ತೋ ಕೆಲಸ ಮಾಡ್ತಾಳ. ಮನ್ಯಾಗ ನನ್ನ ಜೋಡಿ ಕನ್ನಡ ಕಡಿಮಿ ಮಾಡ್ಯಾಳ, ಬೇಕಾದ್ದು ಅಷ್ಟೇ ಮರಾಠಿಯೊಳಗ ಹೇಳ್ತಾಳ.

ಹೋದ ತಿಂಗಳು ದವಾಖಾನಿಂದ ಕರದ್ರು. ತಾಯಿ ಕೈದೂ ಅಳತಿ ಮಾಡಬೇಕಂತ, ವಂಶದ ಕಾಗದಕ್ಕ ಬೇಕಂತ. ನಾ ಬ್ಯಾಡ ಅಂದೆ. ಮಗಳೇ ಎಳಕೊಂಡು ಹೋದ್ಳು. ಖೋಲಿ ಬಾಗಲದಾಗ ನಿಂತು ನಾ ನನ್ನ ಬಳೆ ಬಿಚ್ಚಿದೆ. ಮುತ್ತೈದಿ ಬರಿಗೈ ಇರಬಾರದು ಅಂತಾರ, ಆದ್ರ ಆ ಖೋಲಿ ಒಳಗ ಆ ಬಳೆ ಹಾಕ್ಕೊಂಡು ಕಾಲಿಡಲಿಕ್ಕ ನನ್ನ ಕೈಲೆ ಆಗಲಿಲ್ಲ. ‘ಹಿಡಕೋ’ ಅಂತ ಮಗಳ ಕೈಯಾಗ ಕೊಟ್ಟೆ. ಹಿಡಕೊಳ್ಳಲಿಕ್ಕ ಆಕಿ ಬೆರಳಿಗೆ ಎಲ್ಲಿ ಬರ್ತದ? ಕೈಗೇ ಏರಿಸಿಕೊಂಡ್ಳು. ಸಾಬೂನು ಇಲ್ಲ, ಏನಿಲ್ಲ, ಸರಕ್ಕನೆ ಏರಿದವು.

ಜೋಡಿ ಬಂದವರು ಹೊರಗ ಅಂತ ಬಾಗಲಾಕ ಈಗ ಕಾಗದ ಅಂಟಿಸ್ಯಾರ, ನಮ್ಮ ದೆಸೀಲೆ. ಆದ್ರ ಅಕ್ಕೋರು ನನ್ನ ಮಾರಿ ನೋಡಿ, ‘ಪರವಾಗಿಲ್ಲ, ಅವಳು ಇರಲಿ. ನೀವು ತುಂಬಾ ನಡುಗ್ತಿದ್ದೀರಿ’ ಅಂದ್ರು. ಅವರ ದನಿ ಒಳಗ ಮೊದಲಿನ ತವರುಮನಿ ಇರಲಿಲ್ಲ. ಹಿಡಿಕಿ ಹಿಚಗಿದೆ, ಮುಳ್ಳು ಇದ್ದಲ್ಲೇ ಇತ್ತು. ಹೆಬ್ಬಟ್ಟು ಎತ್ತು ಅಂದ್ರು, ಎತ್ತಿದೆ ಅಂತ ನಾ ತಿಳಕೊಂಡಿದ್ದೆ, ನೋಡಿದ್ರ ಮೇಜಿನ ಮ್ಯಾಲೇ ಬಿದ್ದಿತ್ತು. ಒಂದು ಯುಕ್ತೀನೂ ಮಾಡಲಿಲ್ಲ. ಆಮ್ಯಾಗ ಕಣ್ಣಿಗೆ ಬಟ್ಟಿ ಕಟ್ಟಿದ್ರು.

ಕತ್ತಲ. ಫ್ಯಾನ್ ಸಪ್ಪಳ. ಎಳಿ ಮುಟ್ಟತದೇನೋ ಅಂತ ಬೆರಳ ತುದಿಗೆ ಜೀವಾ ತಂದಿಟ್ಟುಕೊಂಡು ಕುಂತೆ. ಏನೂ ಇಲ್ಲ. ಮಗಳು ಹಿಂಗೇ ಕುಂತಿದ್ಳು, ಮೂರು ಸಲ, ನನ್ನ ನಂಬಿ.

ಎದುರಿನಿಂದ ಛಿಲ್ ಅಂತು.

ನನಗ ಸಹಾಯ ಮಾಡಿದ್ಳೋ, ನಾ ಮಾಡಿದ್ದು ನನಗೇ ತೋರಿಸಿದ್ಳೋ, ಸುಮ್ಮನ ಕೈ ನಡುಗಿತ್ತೋ, ಇವತ್ತಿಗೂ ನಾ ಕೇಳಿಲ್ಲ. ಬಾಯಿ ತನಕ ಬಂದ ಹೂಂ ನುಂಗಿದೆ. ಸ್ವಲ್ಪ ಹೊತ್ತಿಗೆ ಮತ್ತ ಸಪ್ಪಳಾತು, ಮೊದಲಿಗಿಂತ ಜೋರು. ಬಟ್ಟಿ ಒಳಗ ನನ್ನ ಕಣ್ಣು ತೊಯ್ದು ಹೋಗಿದ್ದವು.

‘ಏನೂ ಗೊತ್ತಾಗವಲ್ದರಿ ಅಕ್ಕೋರ’ ಅಂದೆ. ‘ನಪಾಸು ಅಂತ ಬರಕೋರಿ.’